ಓಬವ್ವನ ಹಾಡು ಮತ್ತು ನಮ್ಮ ಶಾಲೆಯ ಒನಕೆ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಸೋದರಿಯರು ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರು ಸಾಮಾನ್ಯವಾಗಿ ಬರೆಯುವಂತೆ ಪ್ರಾರ್ಥನಾ ಮಂದಿರದ ಗಂಟೆ, ಹುಣಿಸೆಯ ಮರ, ವಸತಿಗೃಹದ ಮುದ್ದೆ ಸಾರು, ಇವುಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆದು ಋಣಮುಕ್ತಳಾಗಬೇಕೆಂದೇ ನಾನು ಯೋಚಿಸಿದ್ದೆನು. ಆದರೆ ಕಳೆದ ಆಷಾಢದಲ್ಲಿ ನಡೆದ ಒಂದು ಅಲ್ಪ ಸಂಗತಿಯು ಆ ಸಂಕಲ್ಪವನ್ನು ಕೆಡಿಸಿತು. ನಾನು ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಬರುತ್ತಿದ್ದೆನು. ಮಳೆ ಹನಿಯುತ್ತಿದ್ದಿತು, ಕಿಟಕಿಗಳೆಲ್ಲವೂ ಮುಚ್ಚಿದ್ದುವು. ಚಾಲಕನು ತನ್ನ ಬೇಸರವನ್ನು ಕಳೆಯಲೆಂದೋ ಏನೋ ಹಳೆಯ ಚಲಚ್ಚಿತ್ರಗೀತೆಗಳನ್ನು ಹಾಕಿದ್ದನು. ಒಂದರ ಹಿಂದೆ ಒಂದು ಬಂದು ಹೋದುವು. ಯಾರೂ ಕಿವಿಗೊಟ್ಟಂತೆ ಕಾಣಲಿಲ್ಲ. ಅಷ್ಟರಲ್ಲಿ ‘ನಾಗರಹಾವು’ ಚಿತ್ರದ ಓಬವ್ವನ ಹಾಡು ಮೊದಲಾಯಿತು. ನನ್ನ ಮುಂದಿನ ಆಸನದಲ್ಲಿದ್ದ ಶಾಲೆಯ ಹುಡುಗಿಯರಿಬ್ಬರು ಮೆಲ್ಲನೆ ಅದರೊಡನೆ ದನಿಗೂಡಿಸಿದರು. ಅವರ ತಾಯಂದಿರೂ ಹುಟ್ಟಿರದ ಕಾಲದಲ್ಲಿ ಹುಟ್ಟಿದ ಆ ಹಾಡಿನ ಒಂದಕ್ಷರವೂ ಅವರಿಗೆ ತಪ್ಪಲಿಲ್ಲ. ನನಗಾದರೋ ಕಣ್ಣು ತುಂಬಿ ಬಂದಿತು. ಆ ಕಣ್ಣೀರು ಅಭಿಮಾನದ್ದಲ್ಲವೆಂಬುದನ್ನು ವಾಚಕರಿಗೆ ತಿಳಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಾಡಿನ ಪೂರ್ವವೃತ್ತಾಂತವನ್ನು ಬಲ್ಲವರು ಬಹಳ ಮಂದಿ ಇರುವರಾದರೂ ಇಂದಿನ ಮಕ್ಕಳಿಗಾಗಿ ಎರಡು ಮಾತು ಹೇಳುವುದು ಯುಕ್ತ. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರವು 1972ನೆಯ ಇಸವಿಯ ಕೊನೆಯ ವಾರದಲ್ಲಿ ತೆರೆಕಂಡಿತು. ಸಂಗೀತವನ್ನು ಕೂಡಿಸಿದವರು ವಿಜಯಭಾಸ್ಕರರು. ಓಬವ್ವನ ಹಾಡನ್ನು ರಚಿಸಿದವರು ಚಿ. ಉದಯಶಂಕರರು, ಹಾಡಿದವರು ಪಿ. ಬಿ. ಶ್ರೀನಿವಾಸರು. ಕಾಕಿನಾಡಿನಲ್ಲಿ ಹುಟ್ಟಿ ತೆಲುಗನ್ನು ಮಾತೃಭಾಷೆಯಾಗಿ ಉಳ್ಳ ಒಬ್ಬ ಗಾಯಕರ ಕಂಠದಿಂದ ಚಿತ್ರದುರ್ಗದ ಹೆಂಗಸೊಬ್ಬಳ ಕಥೆ ಕನ್ನಡನಾಡಿನ ಮನೆಮನೆಗೂ ಹೋಯಿತೆಂಬುದು ಸೋಜಿಗವೇ ಸರಿ. ಬಳ್ಳಾರಿಯಲ್ಲಿ ಹುಟ್ಟಿದ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡುದು ಆ ಒಂದು ಹಾಡಿನಲ್ಲಿ ಮಾತ್ರ; ಆದರೂ ಅಂದಿನಿಂದ ನಮ್ಮ ಪ್ರಾಂತ್ಯದಲ್ಲಿ ಓಬವ್ವನೆಂದರೆ ಆಕೆಯ ಮುಖವೇ ಆಗಿಬಿಟ್ಟಿತು. ಅದಕ್ಕೆ ಮುಂಚೆ ನಮ್ಮ ಜಗಳೂರಿನ ಕಡೆಯ ಮುದುಕಿಯರು ಹೇಳುತ್ತಿದ್ದ ಓಬವ್ವನಿಗೆ ಇಂಥದೇ ಮುಖವೆಂದು ಇರಲಿಲ್ಲ. ಹೇಳುವವಳ ಮುಖವೇ ಅವಳ ಮುಖ.

ಆ ಕಾಲಕ್ಕೆ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಗೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಬಳಿಕ ಇವೆಲ್ಲವೂ ಒಂದು ಕಡೆಗೆ ಬಂದುವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಆದರೆ ನಮ್ಮ ವಸತಿಗೃಹದಲ್ಲಿ ಈ ಊರುಗಳು ಮೊದಲೇ ಒಂದಾಗಿದ್ದುವು. ಮಳೆಯಿಲ್ಲದ ಜಗಳೂರಿನ ಸೀಮೆಯಿಂದ ಬಂದ ನನ್ನಂಥವಳು, ಸೂಳೆಕೆರೆಯ ನೀರನ್ನು ಕಂಡ ಚನ್ನಗಿರಿಯವಳು, ತುಂಗಭದ್ರೆಯ ದಂಡೆಯ ಹೊನ್ನಾಳಿಯವಳು, ಮಲೆನಾಡಿನ ಸೆರಗನ್ನು ಮುಟ್ಟಿದ ನ್ಯಾಮತಿಯವಳು, ಎಲ್ಲರೂ ಒಂದೇ ಸಾಲಿನಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆವು. ನೀರನ್ನು ಕುರಿತು ನಮ್ಮಲ್ಲಿ ನಡೆಯುತ್ತಿದ್ದ ಜಗಳಗಳನ್ನು ಬರೆದರೆ ಅದೇ ಒಂದು ಲೇಖನವಾದೀತು. ಸ್ನಾನಕ್ಕೆ ಎರಡು ಚೆಂಬು ಸಾಲದೆಂದು ಅಳುತ್ತಿದ್ದ ಹೊನ್ನಾಳಿಯ ಹುಡುಗಿಯನ್ನು ಕಂಡು ನಾನು ಬೆರಗಾದುದುಂಟು.

ಚಿತ್ರವು ನಮ್ಮ ಊರಿನ ಡೇರೆಯ ಸಿನಿಮಾಕ್ಕೆ ಬರುವ ವೇಳೆಗೆ ಒಂದು ವರ್ಷಕ್ಕಿಂತ ಹೆಚ್ಚೇ ಕಳೆದಿದ್ದಿತು. ಹಾಡಾದರೋ ಭದ್ರಾವತಿಯ ಆಕಾಶವಾಣಿಯಿಂದ ಮೊದಲೇ ಬಂದಿದ್ದಿತು. ವಸತಿಗೃಹದ ಮೇಲ್ವಿಚಾರಕಿಯವರ ಕೋಣೆಯಲ್ಲಿ ಒಂದು ರೇಡಿಯೋ ಇದ್ದಿತು. ಭಾನುವಾರ ಮಧ್ಯಾಹ್ನ ಬಾಗಿಲನ್ನು ಅರ್ಧ ತೆರೆದಿಡುತ್ತಿದ್ದರು. ಅದು ಅಪ್ಪಣೆಯೋ ಮರೆವೋ ನಮಗೆ ತಿಳಿಯದು, ತಿಳಿದುಕೊಳ್ಳಲು ನಾವು ಹೋಗಲೂ ಇಲ್ಲ. ಚಲಚ್ಚಿತ್ರಗೀತೆಯೆಂದರೆ ಹಿರಿಯರಿಗೆ ಅಸಮಾಧಾನವಿದ್ದ ದಿನಗಳವು. ಓಬವ್ವನ ಹಾಡೊಂದಕ್ಕೆ ಮಾತ್ರ ಆ ನಿರ್ಬಂಧವಿರಲಿಲ್ಲ. ಅದು ದೇಶಭಕ್ತಿಯ ಹಾಡು, ಪಾಠದ ಹಾಡು ಎಂದು ಒಪ್ಪಿಗೆಯಾಗಿದ್ದಿತು. ಸಂಗೀತದ ಉಪಾಧ್ಯಾಯಿನಿಯವರು ಕೀರ್ತನೆಗಳಿಗೆ ಬಾರಿಸುತ್ತಿದ್ದ ಹಾರ್ಮೋನಿಯಮ್ಮಿನಲ್ಲಿಯೇ ಅದರ ಸ್ವರವನ್ನು ಹಿಡಿದುಕೊಟ್ಟರು.

ಅದೇ ಚಿತ್ರದ ಮಾರ್ಗರೆಟ್ಟಳ ವಿಷಯದಲ್ಲಿ ಮಾತ್ರ ನಮ್ಮ ಕ್ರೈಸ್ತ ಗೆಳತಿಯರಿಗೆ ಬಹಳ ಸಿಟ್ಟಿದ್ದಿತು. ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು ಪಾದ ಮುಚ್ಚುವ ಲಂಗವನ್ನುಟ್ಟು ಓಡಾಡುತ್ತಿದ್ದ ಅವರನ್ನು, ರಜಕ್ಕೆ ಊರಿಗೆ ಹೋದಾಗ, ಬೀದಿಯ ಪೋಕರಿ ಹುಡುಗರು ‘ಮಾರ್ಗರೆಟ್’ ಎಂದು ಕೂಗಿ ಹಾಸ್ಯ ಮಾಡುತ್ತಿದ್ದರಂತೆ. ಪಾತ್ರವು ಒಳ್ಳೆಯದಾಗಿತ್ತು, ಶುಭಾ ಅವರು ಚೆನ್ನಾಗಿಯೇ ಅಭಿನಯಿಸಿದ್ದರು, ಆ ಹುಡುಗಿ ಪ್ರೀತಿಸಿದವನಿಗಾಗಿ ಪ್ರಾಣವನ್ನೇ ಕೊಟ್ಟಳು ಎಂದು ಎಷ್ಟು ಹೇಳಿದರೂ ಅವರ ಸಿಟ್ಟು ಇಳಿಯಲಿಲ್ಲ. ಅವರ ಸಿಟ್ಟು ನ್ಯಾಯವಾದುದೆಂದು ಈಗ ನನಗೆ ತೋರುತ್ತದೆ. ಒಂದು ಹಾಡು ಒಬ್ಬ ಹೆಂಗಸಿಗೆ ಮುಖವನ್ನು ಕೊಡುವಂತೆ ಒಂದು ಕಥೆಯು ನೂರು ಹುಡುಗಿಯರಿಗೆ ಒಂದೇ ಮುಖವನ್ನು ಅಂಟಿಸಿಬಿಡಲೂ ಬಲ್ಲದು.

ಇನ್ನು ನನ್ನ ಗೆಳತಿಯ ವಿಷಯ. ಅವಳು ನ್ಯಾಮತಿಯ ಹತ್ತಿರದ ಒಂದು ಹಳ್ಳಿಯವಳು. ಹೆಸರನ್ನು ಬರೆಯುವುದಿಲ್ಲ, ಅವಳ ಕಾಲದವರಿಗೆ ಬರೆಯದೆಯೂ ತಿಳಿಯುವುದು. 1975ರ ಫೆಬ್ರವರಿಯಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಓಬವ್ವನ ನೃತ್ಯರೂಪಕವನ್ನು ಆಡಿಸಬೇಕೆಂದು ನಿಶ್ಚಯವಾಯಿತು. ನಾವಾಗ ಒಂಬತ್ತನೆಯ ತರಗತಿಯಲ್ಲಿದ್ದೆವು. ಓಬವ್ವನ ಪಾತ್ರಕ್ಕೆ ರೂಪವತಿಯರಾದ ಮೂವರು ಮುಂದೆ ಬಂದರು. ಆದರೆ ವಸತಿಗೃಹದ ಅಡಿಗೆಮನೆಯಿಂದ ತಂದ ನಿಜವಾದ ಒನಕೆಯನ್ನು ಎತ್ತಿ, ತಲೆಯ ಮೇಲಕ್ಕೆ ಹಿಡಿದು, ತಾಳ ತಪ್ಪದಂತೆ ಇಳಿಸುವುದು ಆ ಮೂವರಲ್ಲಿ ಯಾರ ಕೈಯಿಂದಲೂ ಆಗಲಿಲ್ಲ. ರಟ್ಟಿನ ಒನಕೆಯನ್ನು ಮಾಡಿಸೋಣವೆಂದು ಒಬ್ಬ ಉಪಾಧ್ಯಾಯಿನಿಯವರು ಸೂಚಿಸಿದರು. ಅಷ್ಟರಲ್ಲಿ, ಹಿಂದೆ ನಿಂತು ನೋಡುತ್ತಿದ್ದ ನನ್ನ ಗೆಳತಿ ನಾಚಿಕೆಯಿಂದಲೇ ಮುಂದೆ ಬಂದು ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸಿ ಹಿಡಿದಳು. ಮನೆಯಲ್ಲಿ ಪ್ರತಿ ದಿನವೂ ಭತ್ತ ಕುಟ್ಟಿದ ಕೈಗಳವು. ಪಾತ್ರ ಅವಳದಾಯಿತು.

ಆ ಸಂಜೆಯನ್ನು ನೋಡಿದ ಪೋಷಕರು ಯಾರಾದರೂ ಇದನ್ನು ಓದುವುದಾದರೆ ಅವರಿಗೆ ನೆನಪಾಗದೆ ಇರದು. ಕಪ್ಪು ಬಟ್ಟೆಯಿಂದ ಮಾಡಿದ ಬಂಡೆಯಲ್ಲಿ ಒಂದು ಕಿಂಡಿ. ಅದರೊಳಗಿನಿಂದ ಒಬ್ಬೊಬ್ಬರಾಗಿ ತೆವಳಿ ಬರುವ ಸೈನಿಕರು ನಾವು. ನಾನು ಮೂರನೆಯ ಸೈನಿಕನು. ಒನಕೆಯು ನಿಜವಾದುದಾದ ಕಾರಣ ನಮಗೆಲ್ಲರಿಗೂ ಪ್ರಾಣಭಯವಿದ್ದಿತು. ಅವಳು ಮಾತ್ರ ಪ್ರತಿ ಸಲವೂ ನಮ್ಮ ತಲೆಯಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸುತ್ತಿದ್ದಳು. ಜನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಗಳು ಭಾಷಣದಲ್ಲಿ, ಈ ನಾಡಿಗೆ ಇಂಥ ಓಬವ್ವಂದಿರು ಇನ್ನೂ ನೂರು ಮಂದಿ ಬೇಕೆಂದು ಹೇಳಿ ಅವಳಿಗೆ ಒಂದು ನಿಘಂಟನ್ನು ಬಹುಮಾನವಾಗಿ ಕೊಟ್ಟರು. ಅವಳ ತಂದೆಯೂ ಬಂದಿದ್ದರು. ಬಹಳ ಸಂತೋಷಪಟ್ಟರು. ಅದೇ ದಿನ ಸಭೆಯಲ್ಲಿದ್ದ ಬೇರೊಬ್ಬ ಪೋಷಕರು ಇಂಥ ದೃಢಕಾಯಳಾದ ಹುಡುಗಿ ತಮ್ಮ ಮನೆಗೆ ಸೊಸೆಯಾಗಿ ಬರಲೆಂದು ಬಯಸಿದರು. ವೈಶಾಖದಲ್ಲಿ ಮದುವೆಯಾಯಿತು. ಜೂನಿನಲ್ಲಿ ಶಾಲೆ ತೆರೆದಾಗ ಅವಳ ಚಾಪೆಯ ಜಾಗದಲ್ಲಿ ಬೇರೊಬ್ಬಳು ಮಲಗಿದಳು. ಹತ್ತನೆಯ ತರಗತಿಯ ಹಾಜರಿಯನ್ನು ಕೂಗುವಾಗ ಅವಳ ಹೆಸರನ್ನು ಒಂದು ವಾರ ಕೂಗಿ ಆಮೇಲೆ ಬಿಟ್ಟರು.

ಇದರಲ್ಲಿ ಶಾಸನವನ್ನು ಮೀರಿದ ಸಂಗತಿ ಏನೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1929ರ ಶಾರದಾ ಶಾಸನವು ಹೆಣ್ಣುಮಕ್ಕಳ ವಿವಾಹಕ್ಕೆ 14 ವರ್ಷವೆಂದು ವಿಧಿಸಿದ್ದಿತು. 1949ರಲ್ಲಿ ಅದು 15 ಆಯಿತು. 18 ವರ್ಷವೆಂಬ ನಿಯಮವು ಬಂದುದು 1978ರಲ್ಲಿ. ನನ್ನ ಗೆಳತಿಗೆ 15 ತುಂಬಿ ಎರಡು ತಿಂಗಳಾಗಿದ್ದುವು. ಮೂರು ವರ್ಷ ತಡವಾಗಿ ಹುಟ್ಟಿದ್ದರೆ ಶಾಸನವಾದರೂ ಅವಳ ಕಡೆಗೆ ಇರುತ್ತಿದ್ದಿತು. ಹಾಗೆಂದು ಶಾಸನದಿಂದಲೇ ಎಲ್ಲವೂ ಆಗುವುದೆಂದು ನಾನು ಹೇಳಲಾರೆನು. ಚನ್ನಗಿರಿ ಹೊನ್ನಾಳಿಗಳ ಹಳ್ಳಿಗಳಲ್ಲಿ ಬಹಳ ಕಾಲ ಉಪಾಧ್ಯಾಯಿನಿಯಾಗಿದ್ದ ನಾನು, 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಬಂದ ಮೇಲೂ, ಕರ್ನಾಟಕವು ಅದನ್ನು ತಿದ್ದಿ ಅಂಥ ಮದುವೆಯು ಮದುವೆಯೇ ಅಲ್ಲವೆಂದು ಸಾರಿದ ಮೇಲೂ, ಬೇಸಗೆಯ ರಜದ ಬಳಿಕ ಖಾಲಿಯಾದ ಸ್ಥಳಗಳನ್ನು ಕಂಡಿದ್ದೇನೆ. ಕಾರಣ ಕೇಳಿದರೆ ‘ಅಜ್ಜಿಯ ಊರಿಗೆ ಹೋಗಿದ್ದಾಳೆ’ ಎಂಬ ಉತ್ತರ ಬರುವುದು. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ತಿಂಗಳು, ತಮ್ಮನನ್ನು ನೋಡಿಕೊಳ್ಳಲು ಎರಡು ತಿಂಗಳು, ಹೀಗೆ ಮೆಲ್ಲಮೆಲ್ಲನೆ ಜಾರಿಹೋಗುವವರೂ ಉಂಟು.

ಈಗ ಹಾಡಿನ ಕಥೆಗೆ ಬರುತ್ತೇನೆ. ನನ್ನ ಅಭಿಪ್ರಾಯವು ಕೆಲವರಿಗೆ ಹಿಡಿಸದಿರಬಹುದು. ಹೈದರಾಲಿಯು ಚಿತ್ರದುರ್ಗವನ್ನು ಮತ್ತೆ ಮತ್ತೆ ಮುತ್ತಿದನು. 1779ರಲ್ಲಿ ಕೋಟೆ ಬಿದ್ದಿತು, ಮದಕರಿನಾಯಕನು ಸೆರೆಯಾದನು. ಅಂಥ ಮುತ್ತಿಗೆಯೊಂದರಲ್ಲಿ ಕಾವಲುಗಾರನು ಊಟಕ್ಕೆ ಬಂದಾಗ ಅವನ ಹೆಂಡತಿ ಓಬವ್ವನು ನೀರಿಗಾಗಿ ಹೋಗಿ, ಕಿಂಡಿಯಿಂದ ಶತ್ರುಗಳು ನುಸುಳುತ್ತಿರುವುದನ್ನು ಕಂಡು, ಒನಕೆಯನ್ನೇ ಆಯುಧವಾಗಿಸಿಕೊಂಡಳೆಂಬುದು ಜನರ ಬಾಯಿಂದ ಬಾಯಿಗೆ ಬಂದ ಕಥೆ. ಆಮೇಲೆ ಅವಳೇನಾದಳು? ಶತ್ರುವಿನ ಕತ್ತಿಗೆ ಬಲಿಯಾದಳೆಂದು ಕೆಲವರು, ಆ ಘೋರವನ್ನು ಕಂಡ ಆಘಾತದಿಂದಲೇ ಸತ್ತಳೆಂದು ಕೆಲವರು ಹೇಳುವರು. ನಮ್ಮ ಕಾಲದ ಶಾಲೆಗಳಲ್ಲಿ ಈ ಕಥೆಯನ್ನು ಹೇಳುವಾಗ ಒಂದು ಅಂಶವನ್ನು ಬಹಳವಾಗಿ ಒತ್ತಿ ಹೇಳುತ್ತಿದ್ದರು: ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಬಾರದೆಂದು ಅವಳು ಅವನನ್ನು ಕರೆಯಲಿಲ್ಲವೆಂಬುದು. ಇದನ್ನು ಪತಿಭಕ್ತಿಯ ಉದಾಹರಣೆಯಾಗಿ ನಾನೂ ಅನೇಕ ವರ್ಷ ಮಕ್ಕಳಿಗೆ ಹೇಳಿದೆನು. ಈಗ ಪಶ್ಚಾತ್ತಾಪವಾಗುತ್ತದೆ. ಕಿಂಡಿಯಿಂದ ತಲೆಯೊಂದು ಹೊರಗೆ ಬರುತ್ತಿರುವಾಗ ಮನೆಗೆ ಓಡಿಹೋಗಿ ಕರೆಯಲು ಅವಳಿಗೆ ಸಮಯವೆಲ್ಲಿತ್ತು? ಸಮಯವಿದ್ದಿದ್ದರೂ, ಯಾರನ್ನೂ ಕೇಳದೆ ತಾನೇ ಮಾಡಬೇಕಾದ ಕೆಲಸ ಇದೆಂದು ಅವಳು ತಿಳಿದಿರಬಾರದೇಕೆ? ಅವಳ ನಿರ್ಧಾರವನ್ನು ಊಟದ ಎಲೆಗೆ ಕಟ್ಟಿಹಾಕಿದವರು ನಾವು. ಚಲವಾದಿ ಕುಲದ ಒಬ್ಬ ಬಡ ಹೆಂಗಸು, ಅರಸಿಯಲ್ಲ, ದಳವಾಯಿಯ ಮಗಳಲ್ಲ, ತನ್ನ ಬುದ್ಧಿಯಿಂದ ಒಂದು ಗಳಿಗೆ ಇಡೀ ಕೋಟೆಯನ್ನು ಕಾದಳು. ಅಷ್ಟು ಹೇಳಿದರೆ ಸಾಲದೆ?

ಮತ್ತೊಂದು ಸಂಗತಿಯು ನನಗೆ ಹೊಳೆದುದು 2018ರಲ್ಲಿ ಚಿತ್ರವು ಹೊಸ ತಾಂತ್ರಿಕತೆಯೊಡನೆ ಮರಳಿ ಬಿಡುಗಡೆಯಾದಾಗ. ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆನು. ಓಬವ್ವನ ಹಾಡಿರುವ ಅದೇ ಚಿತ್ರದಲ್ಲಿ ಅಲಮೇಲು ಎಂಬ ಹುಡುಗಿ ಇದ್ದಾಳಷ್ಟೆ. ರಾಮಾಚಾರಿಯೂ ಅವಳೂ ಪರಸ್ಪರ ಒಲಿದಿರುವರು. ಚಾಮಯ್ಯ ಮೇಷ್ಟ್ರು, ಅಶ್ವತ್ಥರ ಅಭಿನಯದಿಂದ ಕನ್ನಡಿಗರೆಲ್ಲರ ಗುರುಗಳೇ ಆಗಿಹೋದ ಆ ದಯಾಳು, ಶಿಷ್ಯನನ್ನು ಕರೆದು ಅವಳನ್ನು ಬಿಟ್ಟುಕೊಡೆಂದು ಕೇಳುವರು. ಶಿಷ್ಯನು ಗುರುವಿನ ಮಾತಿಗೆ ತಲೆಬಾಗುವನು. ಅಲಮೇಲುವಿನ ಬದುಕು ಅಲ್ಲಿಗೆ ತೀರ್ಮಾನವಾಗುವುದು. ಮುಂದೆ ಅವಳಿಗೆ ಬರುವ ದುರ್ಗತಿಯನ್ನು ನೋಡಿದವರು ಮರೆಯಲಾರರು. ಗುರುವಿಗೂ ಶಿಷ್ಯನಿಗೂ ನಡುವೆ ನಡೆದ ಆ ಔದಾರ್ಯದ ವ್ಯವಹಾರದಲ್ಲಿ ಅವಳ ಪಾಲಿಗೆ ಉಳಿದುದು ಇಷ್ಟೆ. ಹದಿನಾಲ್ಕು ವರ್ಷದವಳಾಗಿದ್ದಾಗ ನಾನು ಚಾಮಯ್ಯ ಮೇಷ್ಟ್ರಿಗಾಗಿ ಅತ್ತೆನು. ಐವತ್ತೆಂಟರಲ್ಲಿ, ನಾನೂ ಮೇಷ್ಟ್ರ ಕೆಲಸವನ್ನೇ ಮಾಡುತ್ತಿದ್ದವಳು, ಅವರ ಮೇಲೆ ಕೋಪಗೊಂಡೆನು. ಒಳ್ಳೆಯವರ ಕೈಯಿಂದಲೂ ಹೀಗಾಗುವುದಲ್ಲ! ನನ್ನ ಗೆಳತಿಯ ತಂದೆಯೂ ಒಳ್ಳೆಯವರೇ. ಮಗಳಿಗೆ ಒಳ್ಳೆಯ ಮನೆ ಸಿಕ್ಕಿತೆಂದು ಊರಿಗೆಲ್ಲ ಸಿಹಿ ಹಂಚಿದರು. ನಮ್ಮ ಶಾಲೆಯ ಹಿರಿಯರೂ ಒಳ್ಳೆಯವರೇ; ಮದುವೆಗೆ ಹೋಗಿ ಹರಸಿ ಬಂದರು. ಒಂದು ವರ್ಷ ತಡೆಯಿರಿ, ಪರೀಕ್ಷೆಯೊಂದು ಮುಗಿಯಲಿ ಎಂದು ಹೇಳಲು ಯಾರಿಗೂ ತೋಚಲಿಲ್ಲ. ಮೂರನೆಯ ಸೈನಿಕನಿಗೂ ತೋಚಲಿಲ್ಲ.

ಹಾಡನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ಹಾಡಿನ ಶಕ್ತಿ ದೊಡ್ಡದು. ಚನ್ನಗಿರಿಯ ಹೆಸರು ಕೆಳದಿಯ ಚೆನ್ನಮ್ಮಾಜಿಯಿಂದ ಬಂದುದು; ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಅರಸಿ ಆಕೆ. ಆ ಊರಿನಲ್ಲಿ ನಾನು ಪಾಠ ಹೇಳುತ್ತಿದ್ದಾಗ, ಊರಿಗೆ ಆ ಹೆಸರು ಏಕೆ ಬಂದಿತೆಂದು ಕೇಳಿದರೆ ಹತ್ತರಲ್ಲಿ ಇಬ್ಬರು ಮಕ್ಕಳೂ ಹೇಳುತ್ತಿರಲಿಲ್ಲ. ಸೂಳೆಕೆರೆಯನ್ನು ಕಟ್ಟಿಸಿದಳೆಂದು ಜನಪದರು ಹೇಳುವ ಶಾಂತವ್ವೆಯ ಕಥೆಯೂ ಕೆರೆಯ ಏರಿಯ ಆಚೆಗೆ ಅಷ್ಟಾಗಿ ಹೋಗಿಲ್ಲ. ಓಬವ್ವನನ್ನು ಮಾತ್ರ ಬೀದರಿನ ಮಗುವೂ ಮಡಿಕೇರಿಯ ಮಗುವೂ ಬಲ್ಲುದು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಾಯಿತು. ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಅವಳ ಪ್ರತಿಮೆ ನಿಂತಿತು. 2021ರಿಂದ ನವೆಂಬರ್ 11ನೆಯ ತಾರೀಖು ಅವಳ ಜಯಂತಿಯನ್ನು ಸರ್ಕಾರವೇ ಆಚರಿಸುತ್ತಿದೆ. ಇದಕ್ಕೆಲ್ಲಾ ಆ ಒಂದು ಹಾಡೇ ಕಾರಣವೆಂದರೆ ಅತ್ಯುಕ್ತಿಯಾದೀತು. ಹಾಡಿಲ್ಲದೆ ಇದಿಷ್ಟೂ ಆಗುತ್ತಿದ್ದಿತೆಂದರೂ ನಾನು ನಂಬಲಾರೆನು. ಆದ್ದರಿಂದ ಹಾಡಲಿ. ನಮ್ಮ ಆಕ್ಷೇಪವಿರುವುದು ಹಾಡಿ ಮುಗಿದ ಮೇಲೆ ನಾವು ಮಾಡುವ ಕೆಲಸದಲ್ಲಿ.

ಬಸ್ಸಿನಲ್ಲಿ ಹಾಡು ಕೇಳಿದ ಮೇಲೆ ನಾನು ಹೊನ್ನಾಳಿಯಲ್ಲಿ ನನ್ನ ಕೆಲಸವನ್ನು ಮುಗಿಸಿ, ಮರುದಿನ ಮತ್ತೆ ನ್ಯಾಮತಿಯ ಕಡೆಗೆ ಹೋಗಿ ಗೆಳತಿಯನ್ನು ಕಂಡೆನು. ನಾವು ಭೇಟಿಯಾಗಿ ಹನ್ನೊಂದು ವರ್ಷಗಳಾಗಿದ್ದುವು. ಅವಳ ಸಂಸಾರ ಚೆನ್ನಾಗಿದೆ. ಗಂಡನು ಸಜ್ಜನನಾಗಿದ್ದನು, ಈಗ ಇಲ್ಲ. ಮಕ್ಕಳಿಬ್ಬರೂ ಓದಿ ಕೆಲಸದಲ್ಲಿದ್ದಾರೆ. ಅವಳನ್ನು ದುಃಖಿನಿಯೆಂದು ಚಿತ್ರಿಸಿದರೆ ಅವಳೇ ನನ್ನನ್ನು ಬೈಯುವಳು. ಕಾಫಿ ಕೊಡುತ್ತಾ ಅವಳು ಕೇಳಿದ ಮೊದಲನೆಯ ಪ್ರಶ್ನೆ, ವಸತಿಗೃಹದ ಆ ಒನಕೆ ಇನ್ನೂ ಇದೆಯೇ ಎಂದು. ಅದಕ್ಕೆ ಕಬ್ಬಿಣದ ಬಳೆ ಸಡಿಲವಾಗಿತ್ತಂತೆ. ರೂಪಕದ ದಿನ ಬಳೆ ಕಳಚಿ ಯಾರ ಮೇಲಾದರೂ ಬಿದ್ದೀತೆಂದು ಅವಳು ಅದಕ್ಕೆ ಬಟ್ಟೆಯ ಚೂರನ್ನು ತುರುಕಿದ್ದಳಂತೆ. ಇದು ನನಗೆ ಈವರೆಗೂ ತಿಳಿದಿರಲಿಲ್ಲ.

ನಿಘಂಟನ್ನು ತಂದು ತೋರಿಸಿದಳು. ಬೆನ್ನು ಕಿತ್ತುಹೋಗಿದೆ. ಮದುವೆಯಾದ ಹೊಸದರಲ್ಲಿ ಅತ್ತೆಯವರ ಕಣ್ಣಿಗೆ ಬೀಳದಂತೆ ಅಕ್ಕಿಯ ಡಬ್ಬಿಯಲ್ಲಿಟ್ಟಿದ್ದಳಂತೆ. ಆಮೇಲೆ ಮಕ್ಕಳ ಓದಿಗೆ ಬಂದಿತು. ‘ಮಕ್ಕಳಿಗೆ ನಾನೇ ಪಾಠ ಹೇಳಿಕೊಟ್ಟೆ, ಒಂಬತ್ತನೇ ತರಗತಿಯವರೆಗೆ. ಹತ್ತಕ್ಕೆ ಬಂದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ’ ಎಂದಳು. ಅವಳು ಇದನ್ನು ನಗುತ್ತಲೇ ಹೇಳಿದಳು. ನಾನು ಉತ್ತರವಾಗಿ ಏನನ್ನೂ ಹೇಳಲಾರದೆ ಹೋದೆನು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರ ಸಂಘದ ಮುಂದೆಯೂ ಶಾಲೆಯ ಆಡಳಿತದವರ ಮುಂದೆಯೂ ಒಂದು ಸೂಚನೆಯನ್ನು ಇಡುತ್ತಿದ್ದೇನೆ. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಓಬವ್ವನ ಹಾಡು ಇದ್ದೇ ಇರುವುದು. ಅದೇ ಸಭೆಯಲ್ಲಿ, ಪೋಷಕರು ಕುಳಿತಿರುವಾಗಲೇ, ಹಿಂದಿನ ಜೂನಿನಲ್ಲಿ ಮರಳಿ ಬಾರದ ಹುಡುಗಿಯರು ಎಷ್ಟು ಮಂದಿ ಎಂಬ ಸಂಖ್ಯೆಯನ್ನು ಮುಖ್ಯೋಪಾಧ್ಯಾಯಿನಿಯವರು ಓದಲಿ. ಹೆಸರು ಬೇಡ, ಸಂಖ್ಯೆ ಸಾಕು. ಮದುವೆಯಾಗಿ ಹೋದವರೂ ಸಹ ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕುಳಿತುಕೊಳ್ಳಬಹುದೆಂಬುದನ್ನು ಅವರ ಮನೆಗೆ ಹೋಗಿ ತಿಳಿಸುವ ಕೆಲಸವನ್ನು ಸಂಘದವರು ತಾಲ್ಲೂಕಿಗೆ ಇಬ್ಬರಂತೆ ವಹಿಸಿಕೊಳ್ಳಲಿ. ಜಗಳೂರಿಗೆ ನಾನು ಸಿದ್ಧಳಿದ್ದೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಗೆ ಯಾರಾದರೂ ಮುಂದೆ ಬರಬೇಕು. ಬಸ್ಸಿನ ಖರ್ಚನ್ನು ಸಂಘದ ನಿಧಿಯಿಂದ ಕೇಳುವುದಿಲ್ಲ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಈ ಸಂಚಿಕೆಯ ಕೊನೆಯಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪಟ್ಟಿಯನ್ನು ಪ್ರತಿ ಸಲವೂ ಅಚ್ಚು ಹಾಕುತ್ತಾರೆ. ನಮ್ಮೊಡನೆ ಒಂದೇ ಸಾಲಿನಲ್ಲಿ ಮಲಗಿ, ಒಂದೇ ಹಾಡನ್ನು ಹಾಡಿ, ಆ ಪಟ್ಟಿಗೆ ಸೇರದೆ ಹೋದವರಿಗೂ ಒಂದು ಪುಟವಿರಲಿ. ಅವರೂ ನಮ್ಮ ಶಾಲೆಯವರೇ. ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿನಿಯೂ ತನಗೆ ನೆನಪಿರುವ ಒಬ್ಬಳನ್ನು ಹುಡುಕಿ, ಅವಳ ಒಪ್ಪಿಗೆಯನ್ನು ಪಡೆದು, ಹೆಸರನ್ನು ಕಳುಹಿಸಬೇಕಾಗಿ ಪ್ರಾರ್ಥಿಸುತ್ತೇನೆ. ನನ್ನ ಗೆಳತಿಯನ್ನು ಕೇಳಿದೆನು. ಸ್ವಲ್ಪ ಹೊತ್ತು ಯೋಚಿಸಿ, ಗಂಡನ ಮನೆಯ ಹೆಸರು ಬೇಡ, ಹಾಜರಿ ಪುಸ್ತಕದಲ್ಲಿ ಇದ್ದಂತೆಯೇ ಬರೆಯಿಸು ಎಂದಳು. ಹಾಗೆಯೇ ಬರೆದು ಸಂಪಾದಕಿಯವರಿಗೆ ಕೊಟ್ಟಿದ್ದೇನೆ.